ಶಾಲಿನ ಲೆಕ್ಕ, ತಿಕೀಟಿನ ಲೆಕ್ಕ

ನವಲಗುಂದ ತಾಲೂಕಿನ ಮೊರಬದಿಂದ ನಾಲ್ಕು ಮಂದಿ ಹುಡುಗರು ಒಂದು ಅಂದಾಜು ಪಟ್ಟಿ ಹಿಡಿದುಕೊಂಡು ಮನೆಗೆ ಬಂದಿದ್ದರು. ಅಂಗವಿಕಲ ಮಕ್ಕಳಿಗೆ ಹಾಡು, ಹೊಲಿಗೆ ಕಲಿಸುವ ಸಣ್ಣ ಸಂಸ್ಥೆಯೊಂದಕ್ಕೆ ಹಣ ಕೂಡಿಸಬೇಕೆಂಬುದು ಅವರ ಆಸೆ. ನಾಲ್ವರಲ್ಲಿ ಒಬ್ಬ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಯಾವುದೋ ಹೋಟೆಲಿನಲ್ಲಿ 'ಗಾಲಾ ಡಿನ್ನರ್' ನೋಡಿ ಬಂದು ತಲೆ ತಿರುಗಿಸಿಕೊಂಡಿದ್ದ. ಒಂದೇ ರಾತ್ರಿಯಲ್ಲಿ ಲಕ್ಷಗಟ್ಟಲೆ ಕೂಡಿತಂತೆ. ಉಳಿದ ಮೂವರಿಗೆ ಆ ಶಬ್ದ ಹೊಸದು. "ಗಾಲಾ ಅಂದ್ರ ಏನ್ರಿ ಸರ, ಗಲ್ಲಾಪೆಟ್ಟಿಗಿ ಇಡೋದಾ?" ಎಂದು ಒಬ್ಬ ಕೇಳಿದ. ನಕ್ಕೆ. ಅವನು ತಿಳಿಯದೆ ಆಡಿದ್ದರಲ್ಲಿ ಮುಕ್ಕಾಲು ಪಾಲು ಸರಿಯಿತ್ತು.

ಪಟ್ಟಿ ಬಿಚ್ಚಿ ನೋಡಿದೆ. ಪೆಂಡಾಲು, ಖುರ್ಚಿ, ಮೈಕು, ಊಟ. ಇವೆಲ್ಲಕ್ಕೂ ಮೇಲೆ, ಮೊದಲನೆಯ ಸಾಲಿನಲ್ಲೇ, ದಪ್ಪ ಅಕ್ಷರದಲ್ಲಿ ಬರೆದದ್ದು ಹೀಗಿತ್ತು: 'ಶಾಲು, ಹಾರ, ನೆನಪಿನ ಕಾಣಿಕೆ — 40 ಮಂದಿಗೆ.' ಯಾರು ಈ ನಲವತ್ತು ಮಂದಿ ಎಂದು ಕೇಳಿದರೆ, "ದಾನಿಗಳ್ರಿ" ಎಂದರು. ದಾನ ಇನ್ನೂ ಬಂದಿಲ್ಲ. ಶಾಲು ಮಾತ್ರ ಆಗಲೇ ಬಂದುಬಿಟ್ಟಿದೆ.

ಧರ್ಮಕಾರ್ಯಕ್ಕೆ ಹಣ ಎತ್ತುವಾಗ ಸಡಗರ ಇರಬಾರದು, ಎಲ್ಲ ಮೌನವಾಗಿ ನಡೆಯಬೇಕು ಎನ್ನುವವರ ಪೈಕಿ ನಾನಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ಕೇಳಲಿಕ್ಕೆ ಚೆಂದ. ಆದರೆ ಆ ಮಾತಿನ ಮೇಲೆ ಯಾವ ಶಾಲೆಯ ಛಾವಣಿಯೂ ನಿಂತಿಲ್ಲ. ಹತ್ತು ಜನ ಕೊಡುವುದನ್ನು ಕಂಡು ಹನ್ನೊಂದನೆಯವನು ಕಿಸೆಗೆ ಕೈ ಹಾಕುತ್ತಾನೆ. ಅದು ಮನುಷ್ಯ ಸ್ವಭಾವ, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ನನ್ನ ತಕರಾರು ಒಂದೇ. ಮಾನ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಪಡೆಯುವವನು ಕೊಡುವವನಿಗೆ ಶಾಲು ಹೊದಿಸುವ ಕಾರ್ಯಕ್ರಮ ಒಂದು ಬಗೆ. ಕೊಡುವವನು ಪಡೆಯುವವನಿಗೆ ಮಾನ ಸಲ್ಲಿಸುವ ಕಾರ್ಯಕ್ರಮ ಇನ್ನೊಂದು ಬಗೆ. ಎರಡರಲ್ಲೂ ರೂಪಾಯಿ ಅದೇ ರೂಪಾಯಿ. ಆದರೆ ಮರುದಿನ ಬೆಳಿಗ್ಗೆ ಸಂಸ್ಥೆಯ ಸ್ಥಿತಿ ಒಂದೇ ಇರುವುದಿಲ್ಲ.

ಮೊದಲನೆಯ ಬಗೆಯದನ್ನು ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಒಮ್ಮೆ ಕಣ್ಣಾರೆ ಕಂಡೆ. ಊರು ಬಿಟ್ಟು ಬೇರೆ ಹೆಸರು ಹೇಳುವುದಿಲ್ಲ. ದುಂಡು ಮೇಜು, ಬಿಳಿ ಹಾಸು, ಮೇಜಿಗೊಂದು ಹೂದಾನಿ. ಬಾಗಿಲಲ್ಲಿ ಗುಲಾಬಿ ಹಿಡಿದು ಸಾಲಾಗಿ ನಿಂತಿದ್ದ ಮಕ್ಕಳು ಆ ಸಂಸ್ಥೆಯವರೇ. ರಾತ್ರಿ ಒಂಬತ್ತರ ಹೊತ್ತಿಗೆ ಅವರಲ್ಲೊಬ್ಬ ಹುಡುಗಿಯನ್ನು ವೇದಿಕೆಗೆ ಕರೆದು, ಅಪ್ಪ ಹೇಗೆ ತೀರಿಕೊಂಡ, ಅವ್ವ ಎಲ್ಲಿ ಕೂಲಿ ಮಾಡುತ್ತಾಳೆ ಎಂಬುದನ್ನು ಮೈಕಿನಲ್ಲಿ ಹೇಳಿಸಿದರು. ನಮ್ಮ ಮೇಜಿನ ಒಬ್ಬರು ಕರಿದ ಗೋಡಂಬಿ ಬಾಯಿಗೆ ಹಾಕಿಕೊಳ್ಳುತ್ತ ಕಣ್ಣೊರೆಸಿಕೊಂಡರು. ಅವರ ದುಃಖ ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಹುಡುಗಿ ತನ್ನ ಮಾತು ಮುಗಿಸಿ ಇಳಿದು ಬರುವಾಗ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಒಂದೂವರೆ ತಾಸು ಸನ್ಮಾನ ನಡೆಯಿತು. ಅವಳ ಕಥೆಗೆ ಸಿಕ್ಕದ್ದು ನಾಲ್ಕು ನಿಮಿಷ.

ನಮ್ಮ ಕಡೆ ಇನ್ನೊಂದು ತೊಡಕೂ ಇದೆ. ಗಾಲಾ ಎಂಬುದು ಊಟವನ್ನು ಮಾರುವ ಏರ್ಪಾಡು. ತಾಟಿಗೆ ಇಷ್ಟು ಎಂದು ದರ ಕಟ್ಟಿ, ಖರ್ಚು ಕಳೆದು ಉಳಿದದ್ದನ್ನು ಸಂಸ್ಥೆಗೆ ಕೊಡುತ್ತಾರೆ. ಆದರೆ ಧಾರವಾಡ ಸೀಮೆಯಲ್ಲಿ ಅನ್ನ ಇನ್ನೊಂದು ದಿಕ್ಕಿಗೆ ನಡೆಯುತ್ತದೆ. ಸಿದ್ಧಾರೂಢರ ಮಠದ ದಾಸೋಹದಲ್ಲಿ ಉಂಡೆದ್ದವನನ್ನು ಯಾರೂ ದುಡ್ಡು ಕೇಳುವುದಿಲ್ಲ. ಜಾತ್ರೆಯಲ್ಲಿ ಗೋಧಿಹುಗ್ಗಿ ಬಡಿಸುವವನೇ ಪುಣ್ಯ ಕಟ್ಟಿಕೊಳ್ಳುವವನು. ಉಣ್ಣುವವನು ಬಂದದ್ದೇ ಅವನಿಗೆ ಉಪಕಾರ. ಇಂಥ ನೆಲದಲ್ಲಿ ರೊಟ್ಟಿ, ಬದನಿಕಾಯಿ ಪಲ್ಲೆ ಮುಂದಿಟ್ಟು "ಸಾವಿರ ರೂಪಾಯಿ ಕೊಡ್ರಿ" ಎಂದರೆ ಜನ ಕೊಡಲೂಬಹುದು. ಆದರೆ ಮನಸ್ಸಿನೊಳಗೆ ಏನೋ ಕಹಿ ಉಳಿಯುತ್ತದೆ. ನಮ್ಮಲ್ಲಿ ಮಾರಲಿಕ್ಕೆ ಬರುವುದು ಬೇರೆ. ಅದು ಆಟ, ಅಂದರೆ ನಾಟಕ.

ಆಟ ಎಂದ ಕೂಡಲೇ ಗದಗ ನೆನಪಾಗಬೇಕು. 1997ರವರೆಗೆ ಗದಗವೂ ಧಾರವಾಡ ಜಿಲ್ಲೆಯದೇ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ. ಶಿವಯೋಗ ಮಂದಿರ ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು ಅವನಿಗೆ ಸಂಗೀತದ ದಾರಿ ತೋರಿಸಿದರು. ಆತನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಮೊದಮೊದಲು ಅವರ ಶಾಲೆಗೆ ಸ್ವಂತ ನೆಲವಿರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುವ ಪಾಠಶಾಲೆ ಅದು. ಕಡೆಗೆ ಗದಗಿನಲ್ಲಿ ನೆಲೆ ಸಿಕ್ಕು ವೀರೇಶ್ವರ ಪುಣ್ಯಾಶ್ರಮವಾಯಿತು. ಕಣ್ಣಿಲ್ಲದವರು, ತಂದೆ ತಾಯಿ ಇಲ್ಲದವರು, ಉಣ್ಣಲಿಕ್ಕೆ ಗತಿಯಿಲ್ಲದವರು ಎಲ್ಲರಿಗೂ ಅಲ್ಲಿ ಊಟ, ವಸತಿ, ವಿದ್ಯೆ. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡಾಗ ಆ ಎಲ್ಲ ಹೊಟ್ಟೆಗಳ ಭಾರ ಮೂವತ್ತು ವರ್ಷದ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂತು. ಅವರಿಗೂ ಕಣ್ಣಿರಲಿಲ್ಲ.

ಹಣ ಎಲ್ಲಿಂದ ತರಬೇಕು? ನಾಟಕ ಕಂಪನಿಯಿಂದ. ಆಶ್ರಮದ ಕಂಪನಿ ಊರೂರಿಗೆ ಹೋಗಿ ಕ್ಯಾಂಪು ಹಾಕಿತು. ಪುಟ್ಟರಾಜರು ತಾವೇ ನಾಟಕ ಬರೆದರು, ರಾಗ ಕೂಡಿಸಿದರು, ಹಾರ್ಮೋನಿಯಂ, ಸಾರಂಗಿ, ತಬಲಾ ನುಡಿಸಿದರು. ಶಿಷ್ಯರು ಹಾಡಿದರು, ವಾದ್ಯಕ್ಕೆ ಕೂತರು. ತಿಕೀಟಿನ ದುಡ್ಡು ಆಶ್ರಮದ ಒಲೆಗೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹುಬ್ಬಳ್ಳಿಯ ಹೋಟೆಲಿನ ಹುಡುಗಿಗೂ ಗದಗಿನ ಕಂಪನಿಯ ಹುಡುಗನಿಗೂ ಏನು ವ್ಯತ್ಯಾಸ? ಇಬ್ಬರೂ ವೇದಿಕೆ ಏರಿದರು, ಇಬ್ಬರ ಹೆಸರಿನಲ್ಲೂ ಹಣ ಕೂಡಿತು. ಅವಳು ತನ್ನ ಸಂಕಟ ತೋರಿಸಿ ಇಳಿದಳು, ಇವನು ತನ್ನ ಕಸುಬು ತೋರಿಸಿ ಇಳಿದ. ಮುಂದೆ ಚಾಪೆಯ ಮೇಲೆ ಕೂತ ರೈತ ಆ ಹುಡುಗನ ಕಣ್ಣಿಗೆ ಮರುಗಿ ತಿಕೀಟು ತೆಗೆದಿರಲಿಲ್ಲ. ನಾಟಕ ನೋಡಬೇಕಾಗಿತ್ತು, ತೆಗೆದ. ಹಾಡು ಚೆಲೋ ಬಂದರೆ "ವನ್ಸ್ ಮೋರ್" ಎಂದು ಕೂಗಿದ. ತಾಳ ತಪ್ಪಿದರೆ ಬೈದೂ ಇರಬೇಕು. ಬೈಸಿಕೊಳ್ಳುವ ಹಕ್ಕು ಕೂಡ ಒಂದು ಮರ್ಯಾದೆಯೇ. ಅದು ಕನಿಕರಕ್ಕೆ ಪಾತ್ರನಾದವನಿಗೆ ಎಂದೂ ಸಿಕ್ಕುವುದಿಲ್ಲ.

ನಮ್ಮ ಹಳ್ಳಿಯ ನಾಟಕಗಳಲ್ಲಿ ನಡುವೆ ಆಟ ನಿಲ್ಲಿಸಿ ಆಹೇರ ಕೂಗುವುದು ಎಲ್ಲರಿಗೂ ಗೊತ್ತು. ಇಂಥವರ ಪಾರ್ಟು ಮೆಚ್ಚಿ ಇಂಥವರಿಂದ ನೂರಾ ಒಂದು ರೂಪಾಯಿ ಎಂದು ಮೈಕಿನಲ್ಲಿ ಒದರುತ್ತಾರೆ. ಕಥೆಯ ಓಟಕ್ಕೆ ಅದು ಅಡ್ಡಿ ಎಂದು ನಾನೂ ಒಂದು ಕಾಲದಲ್ಲಿ ಮೂಗು ಮುರಿದವನೇ. ಈಗ ಹಾಗೆ ಅನಿಸುವುದಿಲ್ಲ. ಆ ಕೂಗಿನಲ್ಲಿ ಕೊಡುವವನ ಹೆಸರೂ ಬರುತ್ತದೆ, ಅವನ ಹೆಮ್ಮೆಯೂ ತಣಿಯುತ್ತದೆ. ಆದರೆ ಅವನೇ ಎದ್ದು ಹೋಗಿ ನಟನ ಕೈಗೆ ನೋಟು ಕೊಟ್ಟು ಕೈ ಮುಗಿಯಬೇಕು. ಹೋಟೆಲಿನ ಸನ್ಮಾನವನ್ನು ತಲೆಕೆಳಗು ಮಾಡಿದರೆ ಸಿಗುವುದೇ ಆಹೇರ.

ತುಲಾಭಾರದ ವಿಚಾರವೂ ಇದೇ. ಪುಟ್ಟರಾಜ ಗವಾಯಿಗಳಿಗೆ ಆದ ತುಲಾಭಾರಗಳ ಸಂಖ್ಯೆ ಎರಡು ಸಾವಿರ ದಾಟಿತ್ತೆಂದು ಭಕ್ತರು ಹೇಳುತ್ತಾರೆ. ಬಂದ ನಾಣ್ಯ, ದವಸ ಎಲ್ಲ ಆಶ್ರಮಕ್ಕೇ. ಹೊರಗಿನವರು ಇದನ್ನು ವ್ಯಕ್ತಿಪೂಜೆ ಎಂದು ತಳ್ಳಿಹಾಕಬಹುದು. ಪೂಜೆ ಇದ್ದದ್ದು ನಿಜ. ಆದರೆ ತಕ್ಕಡಿಯ ಜಾಣತನವನ್ನು ಯಾರೂ ಗಮನಿಸಿದಂತಿಲ್ಲ. ಅರವತ್ತು ಕಿಲೋ ತೂಕದ ಒಬ್ಬರನ್ನು ಆರು ಗ್ರಾಮಿನ ಐದು ರೂಪಾಯಿ ನಾಣ್ಯಗಳಿಂದ ತೂಗಿದರೆ ಹತ್ತು ಸಾವಿರ ನಾಣ್ಯ ಬೇಕು, ಅಂದರೆ 50,000 ರೂಪಾಯಿ. ಅದೇ ಐದುನೂರರ ನೋಟಿನಿಂದ ತೂಗಲಿಕ್ಕೆ ಹೊರಟರೆ ಎರಡು ಕೋಟಿಯ ಮೇಲೆ ಬೇಕಾದೀತು, ಊರ ಸಾಹುಕಾರನೂ ಹಿಂದೆ ಸರಿಯುತ್ತಾನೆ. ತಕ್ಕಡಿಗೆ ಬೇಕಾದದ್ದು ಭಾರ. ಹೀಗಾಗಿ ಮೊದಲ ಮರ್ಯಾದೆ ಚಿಲ್ಲರೆಗೆ, ಕೂಲಿಯವಳ ಸೆರಗಿನ ಗಂಟಿಗೆ. ಹತ್ತು ಸಾವಿರ ನಾಣ್ಯ ಕೂಡಿಸಬೇಕಾದರೆ ಮನೆಮನೆ ತಿರುಗಲೇಬೇಕು. ತಿರುಗಿದ ಮೇಲೆ ಆ ಸಂಸ್ಥೆ ಊರಿನ ಪ್ರತಿ ಹೊಸ್ತಿಲಿಗೂ ಗೊತ್ತಾಗುತ್ತದೆ. ಹೋಟೆಲಿನಲ್ಲಿ ಇನ್ನೂರು ಜನ ಕೊಟ್ಟ ಹತ್ತು ಲಕ್ಷಕ್ಕೆ ಈ ಬೇರು ಇಲ್ಲ.

ದೂರದ ಒಂದು ಉದಾಹರಣೆ ಕೊಡುತ್ತೇನೆ, ಯಾಕೆಂದರೆ ಗಾಲಾ ಹುಟ್ಟಿದ ಸೀಮೆಯವರಿಗೂ ಈ ವಿವೇಕ ಇತ್ತು. 1742ರ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಸಂಗೀತಗಾರ ಹ್ಯಾಂಡೆಲ್ ತನ್ನ 'ಮೆಸಾಯ' ಕೃತಿಯನ್ನು ಮೊದಲ ಸಲ ಹಾಡಿಸಿದ. ಅದೊಂದು ಸಹಾಯಾರ್ಥ ಕಚೇರಿ. ಬಂದ ಹಣ ಎರಡು ಆಸ್ಪತ್ರೆಗಳಿಗೆ, ಮತ್ತು ಸಾಲ ತೀರಿಸಲಾರದೆ ಸೆರೆಮನೆ ಸೇರಿದ್ದವರ ಬಿಡುಗಡೆಗೆ. ಜನ ಹೆಚ್ಚಾದಾರು ಎಂದು ತಿಳಿದು ಏರ್ಪಾಡು ಮಾಡಿದವರು ಪತ್ರಿಕೆಯಲ್ಲಿ ಒಂದು ವಿನಂತಿ ಹಾಕಿದರು. ಹೆಂಗಸರು ಲಂಗವನ್ನು ಅಗಲಿಸುವ ಬಳೆಗಟ್ಟು ಬಿಟ್ಟು ಬರಬೇಕು, ಗಂಡಸರು ಸೊಂಟದ ಖಡ್ಗ ಬಿಟ್ಟು ಬರಬೇಕು, ಅಷ್ಟು ಜಾಗದಲ್ಲಿ ಇನ್ನಷ್ಟು ಮಂದಿ ಹಿಡಿಯುತ್ತಾರೆ ಎಂದು. ಸುಮಾರು 700 ಜನ ಕೂಡಿದರು. 142 ಮಂದಿ ಸಾಲಗಾರರು ಸೆರೆಯಿಂದ ಹೊರಬಂದರು. ಶ್ರೀಮಂತಿಕೆಯ ಗುರುತನ್ನು ಮನೆಯಲ್ಲಿಟ್ಟು ಬನ್ನಿ ಎಂದು ಆಮಂತ್ರಣದಲ್ಲೇ ಹೇಳುವ ಧೈರ್ಯ ನಮ್ಮ ಯಾವ ಸಂಘಟಕನಿಗೆ ಇದೆಯೋ ನಾನರಿಯೆ. ನಮ್ಮವರು ಗಣ್ಯರಿಗೆ ಸೋಫಾ ಹಾಕಲಿಕ್ಕೆ ಮುಂದಿನ ಮೂರು ಸಾಲು ಜನರನ್ನು ಎಬ್ಬಿಸುತ್ತಾರೆ.

ಗಾಂಧೀಜಿ ಇದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. 1934ರ ಹರಿಜನ ಪ್ರವಾಸದಲ್ಲಿ ಅವರು ಕರ್ನಾಟಕದಲ್ಲೂ ಓಡಾಡಿದರು. ಮಾನಪತ್ರ ಇಟ್ಟುಕೊಟ್ಟ ಬೆಳ್ಳಿಯ ಕರಂಡಕವನ್ನು ಅಲ್ಲೇ, ಆ ಸಭೆಯಲ್ಲೇ ಲಿಲಾವು ಹಾಕುವುದು ಅವರ ರೂಢಿ. ಸಹಿ ಬೇಕೆಂದವನಿಂದ ಐದು ರೂಪಾಯಿ ವಸೂಲು. ತಮಗೆ ಬಂದ ಸನ್ಮಾನವನ್ನು ನಿಂತ ನಿಲುವಿನಲ್ಲಿ ನಿಧಿಗೆ ತಿರುಗಿಸುತ್ತಿದ್ದರು. ನಮ್ಮ ನಲವತ್ತು ಶಾಲುಗಳನ್ನು ಹೊದಿಸಿದ ಕೂಡಲೇ ಲಿಲಾವು ಹಾಕುವುದಾದರೆ ನನ್ನ ಆಕ್ಷೇಪಣೆ ಅರ್ಧ ಕಡಿಮೆಯಾದೀತು.

ಬೆಂಗಳೂರಿನ ಹುಡುಗ ಸುಮ್ಮನೆ ಕೂಡಲಿಲ್ಲ. "ಚಿಲ್ಲರಿ ಕೂಡಿಸಿ ಬಿಲ್ಡಿಂಗ ಕಟ್ಟಲಿಕ್ಕ ಬರತೈತೇನ್ರಿ? ದೊಡ್ಡ ಮಂದಿ ಬೇಕಲ್ರಿ" ಎಂದ. ಮಾತು ತೂಕದ್ದು. ನಮ್ಮ ಸೀಮೆಯ ವಿದ್ಯಾಸಂಸ್ಥೆಗಳ ಚರಿತ್ರೆಯೂ ಅವನ ಕಡೆಗೇ ವಾಲುತ್ತದೆ. ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಎಷ್ಟು ಬಡ ಹುಡುಗರು ಅದರ ಮೇಲೆ ಓದಿದರೆಂಬುದಕ್ಕೆ ಲೆಕ್ಕವಿಲ್ಲ. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಆ ಹೆಸರು ಹೊತ್ತಿದೆ. ತಿಕೀಟು ಮಾರಿ ಅಂಥದ್ದನ್ನು ಕಟ್ಟಲಾಗದು, ಒಪ್ಪಿದೆ. ಆದರೆ ಮೃತ್ಯುಪತ್ರ ಬರೆದವರಿಗೆ ಯಾವ ಶಾಲು ಹೊದಿಸಿದರು? ಅದೇ ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ಏಳು ಮಂದಿ ಉಪಾಧ್ಯಾಯರು ಮೊದಲು ಕೊಟ್ಟದ್ದು ತಮ್ಮ ಆಯುಷ್ಯವನ್ನು, ಹಣವಂತರು ಆಮೇಲೆ ಬಂದರು. ದೊಡ್ಡ ದಾನ ಬರುವುದು ಕೆಲಸದ ಮೇಲಿನ ನಂಬಿಕೆಯಿಂದ, ಮನೆಯೊಳಗೆ ಕೂತು ಆಡಿದ ಮಾತಿನಿಂದ. ಪೆಂಡಾಲಿನ ದೀಪ ನೋಡಿ ಬರುವುದು ದೊಡ್ಡ ದಾನಿಯಲ್ಲ, ಮುಂದಿನ ಚುನಾವಣೆಗೆ ನಿಲ್ಲುವವನು. ಅವನ ಚೆಕ್ಕು ಬಂದರೂ ಅದರ ಬೆನ್ನಿಗೆ ಒಂದು ಕರಾರು ಬರೆದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

ಇನ್ನು ನಾಟಕದವರಿಗೆ ಹೇಳಬೇಕಾದ ಕಟು ಮಾತು. ಹಳ್ಳಿಯ ನಾಟಕ ಎಂದ ಮಾತ್ರಕ್ಕೆ ಹಣ ಉಳಿಯುತ್ತದೆಂದು ತಿಳಿಯಬೇಡಿ. ಹೊರಗಿನಿಂದ ನಟಿಯರನ್ನು ಕರೆಸಬೇಕು. ಪರದೆ, ಬಣ್ಣ, ಪೇಟಿ ಮಾಸ್ತರು, ಲೈಟು ಎಲ್ಲದಕ್ಕೂ ಬಾಡಿಗೆ. ತಾಲೀಮಿನ ಎರಡು ತಿಂಗಳ ಚಹಾದ ಉದ್ರಿಯೇ ಒಂದು ಪುಟ್ಟ ಬೆಟ್ಟ. ಕಡೆಗೆ ಪಾತ್ರಧಾರಿಗಳೇ ಪಟ್ಟಿ ಹಾಕಿ ಸಾಲ ತೀರಿಸಿದ ಊರುಗಳನ್ನು ನಾನು ಕಂಡಿದ್ದೇನೆ. ಅದಕ್ಕೇ ಆ ಹುಡುಗರಿಗೆ ಹೇಳಿದೆ: ನಾಟಕವನ್ನೇ ಆಡಿರಿ, ಆದರೆ ತಿಕೀಟು ಅಚ್ಚು ಹಾಕುವ ಮೊದಲು ಖರ್ಚಿನ ಪೂರ್ತಿ ಹಣ ಕೈಯಲ್ಲಿರಬೇಕು. ಶಾಲು ಬೇಡುವ ದೊಡ್ಡ ಮಂದಿಯ ಉಪಯೋಗ ಇರುವುದು ಇಲ್ಲಿ. ಒಬ್ಬರು ಪೆಂಡಾಲು ವಹಿಸಲಿ, ಒಬ್ಬರು ಮೈಕು, ಒಬ್ಬರು ಪರದೆ. ಹೆಸರು ಬೇಕೆಂದರೆ ಹ್ಯಾಂಡ್‌ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿರಿ. ಹಾಗಾದರೆ ಐವತ್ತು ರೂಪಾಯಿಯ ತಿಕೀಟು ಸಾವಿರ ಹೋದರೆ ಐವತ್ತು ಸಾವಿರವೂ ಸಂಸ್ಥೆಗೆ ಮುಟ್ಟುತ್ತದೆ. ಇಲ್ಲದಿದ್ದರೆ ಅದೇ ತಿಕೀಟು ಪರದೆಯವನಿಗೆ ಮುಟ್ಟುತ್ತದೆ. ಮತ್ತೆ, ಆ ಸಂಸ್ಥೆಯ ಮಕ್ಕಳು ಹಾಡುತ್ತಾರಲ್ಲ, ಅವರನ್ನು ಬಾಗಿಲಲ್ಲಿ ಗುಲಾಬಿ ಕೊಟ್ಟು ನಿಲ್ಲಿಸದೆ ಮೇಳದಲ್ಲಿ ಕೂಡಿಸಿರಿ. ಉಡುಪು ಹೊಲಿಗೆ ಕಲಿಯುವವರದಾಗಲಿ.

ದಿನ ಯಾವುದು? ಇದು ಬೆಂಗಳೂರಿನವನಿಗೆ ಹೊಳೆಯದ ಪ್ರಶ್ನೆ. ಅವನು ಡಿಸೆಂಬರಿನ ಕೊನೆ ಎಂದಿದ್ದ, ಹೊಸ ವರ್ಷದ ಸಂಭ್ರಮ ನೋಡಿಕೊಂಡು. ನವಲಗುಂದ ತಾಲೂಕಿನ ಎರೆಭೂಮಿಯಲ್ಲಿ ಆಗ ಕಡಲೆ, ಗೋಧಿ, ಬಿಳಿಜೋಳ ಇನ್ನೂ ಹೊಲದಲ್ಲಿರುತ್ತವೆ. ರೈತನ ಕೈ ಬರಿದು. ಹಿಂಗಾರಿ ಪೀಕು ರಾಶಿಯಾಗಿ ಪೇಟೆಗೆ ಹೋಗಿ ದುಡ್ಡು ಮನೆಗೆ ಬರಬೇಕಾದರೆ ಹೋಳಿಹುಣ್ಣಿಮೆಯ ಹೊತ್ತಾಗುತ್ತದೆ. ಅಲ್ಲಿಂದ ಯುಗಾದಿ ದಾಟುವವರೆಗಿನ ಎರಡು ಮೂರು ವಾರಗಳಲ್ಲಿ ಊರು ಕೊಡುವ ಸ್ಥಿತಿಯಲ್ಲಿರುತ್ತದೆ. ಆಮೇಲೆ ಅಡ್ಡಮಳೆಯ ಹೆದರಿಕೆ, ಮದುವೆಗಳ ಖರ್ಚು, ಬೀಜ ಗೊಬ್ಬರದ ಚಿಂತೆ. ದುಡ್ಡು ಇಲ್ಲದವರಿಂದ ಎರಡು ಸೇರು ಕಡಲೆ ತೆಗೆದುಕೊಂಡು ತಿಕೀಟು ಕೊಡಲಿಕ್ಕೂ ಆಗ ಬರುತ್ತದೆ.

ಕಾಗದಪತ್ರದ ಮಾತು ಬೇಸರದ್ದು, ಆದರೆ ಬಿಡುವಂತಿಲ್ಲ. 1971ರ ಆಗಸ್ಟ್ 1ರಂದು ಪಂಡಿತ ರವಿಶಂಕರರ ಮನವಿಯ ಮೇಲೆ ಗಾಯಕ ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಚೇರಿ ನಡೆಸಿದರು. ಬಾಗಿಲಲ್ಲಿ ಕೂಡಿದ ಎರಡು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಡಾಲರು ಯುನಿಸೆಫ್‌ಗೆ ಹೋಯಿತು. ಆದರೆ ಆ ಕಚೇರಿಯ ಧ್ವನಿಮುದ್ರಿಕೆಯಿಂದ ಬಂದ ಇನ್ನೂ ದೊಡ್ಡ ಹಣ ತೆರಿಗೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ತೆರಿಗೆ ವಿನಾಯಿತಿಯ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಲಿಲ್ಲ. ಜಗತ್ತಿನ ಅತಿ ಪ್ರಸಿದ್ಧರ ಗತಿಯೇ ಇದಾದರೆ ಮೊರಬದ ಹುಡುಗರು ಎಚ್ಚರವಿರಬೇಕು. ನಮ್ಮಲ್ಲಿ ತಿಕೀಟಿನ ಹಣ ದಾನವಲ್ಲ, ನಾಟಕದ ಬೆಲೆ. ಅದಕ್ಕೆ ಆದಾಯ ತೆರಿಗೆ ರಿಯಾಯಿತಿಯ ರಸೀದಿ ಕೊಡಲಿಕ್ಕೆ ಬರುವುದಿಲ್ಲ. ಎರಡು ಸಾವಿರ ರೂಪಾಯಿ ಮೀರಿದ ನಗದು ದಾನಕ್ಕೂ ಆ ರಿಯಾಯಿತಿ ಇಲ್ಲ. ಹೆಸರು, ವಿಳಾಸ ಬರೆದಿಡದ ದಾನ ಒಂದು ಮಿತಿ ದಾಟಿದರೆ ಸಂಸ್ಥೆಯೇ ಅದರ ಮೇಲೆ ಶೇಕಡಾ 30 ತೆರಿಗೆ ಕಟ್ಟಬೇಕಾಗುತ್ತದೆ. ತುಲಾಭಾರದ ಚಿಲ್ಲರೆ ಹಿಡಿದು ಹೊರಟವರು ಮನೆಮನೆಯಲ್ಲೂ ಹೆಸರು ಬರೆದುಕೊಳ್ಳಲಿ.

ಲೆಕ್ಕ ಯಾರಿಗೆ ಒಪ್ಪಿಸಬೇಕು ಎಂಬುದಕ್ಕೆ ಈ ತಾಲೂಕಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡು ಹಾರಿದ್ದು ಒಂದು ಲೆಕ್ಕದ ಪ್ರಶ್ನೆಯಿಂದಲೇ: ಮಲಪ್ರಭೆಯ ನೀರು ನೆಟ್ಟಗೆ ಬಾರದ ಹೊಲಕ್ಕೆ ಅಭಿವೃದ್ಧಿ ಕರ ಯಾಕೆ ಕಟ್ಟಬೇಕು? ಹಾಗೆ ಕೇಳಿದ ರೈತರ ಮೊಮ್ಮಕ್ಕಳು ಐವತ್ತು ರೂಪಾಯಿ ಕೊಟ್ಟು ಸುಮ್ಮನಿರುತ್ತಾರೆಂದು ತಿಳಿಯಬಾರದು, ಸುಮ್ಮನಿರಲೂಬಾರದು. ನಾಟಕದ ಮರುದಿನ ಬಣ್ಣ ಇನ್ನೂ ಪೂರ್ತಿ ಹೋಗದ ಮುಖದಲ್ಲೇ ಹುಡುಗರು ಊರ ಕಟ್ಟೆಗೆ ಬಂದು ಬಂದದ್ದಿಷ್ಟು, ಹೋದದ್ದಿಷ್ಟು ಎಂದು ಓದಿ ಹೇಳಬೇಕು. ಪಂಚಾಯಿತಿಯ ಹಲಗೆಗೂ ಹಚ್ಚಬೇಕು. ಮುಂದಿನ ವರ್ಷ ತಿಕೀಟು ಹೋಗುವುದು ಆ ಕಾಗದದ ಮೇಲೆ.

ಹುಡುಗರು ಎಲ್ಲ ಕೇಳಿಸಿಕೊಂಡರು. ಊಟದ ಸಾಲನ್ನು ಹೊಡೆದುಹಾಕಿದರು. ಊಟ ಹಾಕಬೇಕೆಂದರೆ ಯಾರಾದರೂ ದಾಸೋಹ ಮಾಡಲಿ ಎಂದರು. ತಾರೀಖು ಹೋಳಿಯ ಆಚೆಗೆ ಹೋಯಿತು. ಶಾಲಿನ ಸಾಲಿಗೆ ಬಂದಾಗ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಪೂರಾ ಬಿಟ್ರ ಊರಾಗ ಇರಲಿಕ್ಕ ಆಗೂದಿಲ್ರಿ ಸರ" ಎಂದ, ಗಲ್ಲಾಪೆಟ್ಟಿಗೆಯ ಪ್ರಶ್ನೆ ಕೇಳಿದವನು. ಬಹಳ ಹೊತ್ತು ಚೌಕಾಸಿ ನಡೆಯಿತು. ನಲವತ್ತು ಇದ್ದದ್ದು ಹನ್ನೊಂದಕ್ಕೆ ಇಳಿದಿದೆ. ಆ ಹನ್ನೊಂದರಲ್ಲಿ ಏಳು ಮೇಳದಲ್ಲಿ ಹಾಡುವ ಮಕ್ಕಳಿಗೆ.